ಇಪ್ಪತ್ತು ಮಂದಿ ಓದುಬಾರದವರು ಬೇಕಾಗಿದ್ದಾರೆ

ಬಟಾಟೆಗೆ ಮೊಳಕೆ ಬಾರದೆ ಇದ್ದಿದ್ದರೆ ಆ ಭಾನುವಾರ ಕಾಂತಪ್ಪನಿಗೆ ಸರಕಾರದ ನೆನಪೇ ಆಗುತ್ತಿರಲಿಲ್ಲ.

ಕುರ್ಲಾ ಸ್ಟೇಷನ್ನಿನಿಂದ ಗಿರಣಿಯ ಕಡೆಗೆ ಹೋಗುವ ಗಲ್ಲಿಯ ಕೊನೆಯಲ್ಲಿ ಮೂರು ಮಾಳಿಗೆಯ ಒಂದು ಚಾಳು. ಅದರ ಕೆಳಗೆ ಬೀದಿಗೆ ಮುಖ ಮಾಡಿಕೊಂಡು ಸದಾನಂದ ಧನಿಗಳ ಉಡುಪಿ ಹೋಟೇಲು. ಹೋಟೇಲಿನ ಹಿಂದಿನ ಉಗ್ರಾಣಕ್ಕೆ ನಲ್ಲಿಯ ನೀರು ಒಸರಿ ಎಷ್ಟು ದಿನವಾಗಿತ್ತೋ. ಬೆಳಿಗ್ಗೆ ಧನಿಗಳು ಬಟಾಟೆಯ ಮೂಟೆ ಬಿಚ್ಚಿಸಿದಾಗ ಒಳಗೆ ಬಿಳಿ ಬಿಳಿ ಮೊಳಕೆಗಳು, ಯೂನಿಯನ್ ಸಭೆಯಲ್ಲಿ ಕೈಯೆತ್ತಿದ ಕೂಲಿಗಾರರ ಹಾಗೆ, ಒಟ್ಟಿಗೆ ಎದ್ದು ನಿಂತಿದ್ದವು. ಧನಿಗಳಿಗೆ ಆ ನೋಟ ಎರಡು ಕಾರಣಕ್ಕೆ ಸಹಿಸಲಾಗಲಿಲ್ಲ. ಬಟಾಟೆ ಹಾಳಾಯಿತೆಂಬುದು ಒಂದು. ಯಾರೇ ಒಟ್ಟಿಗೆ ಕೈಯೆತ್ತಿದರೂ ಅವರಿಗೆ ಮೊದಲಿನಿಂದ ಆಗುತ್ತಿರಲಿಲ್ಲ ಎಂಬುದು ಇನ್ನೊಂದು.

ಅವರು ಅಲ್ಲಿಂದ ನೇರ ಪಕ್ಕದ ಖೋಲಿಗೆ ನಡೆದರು. ಆ ಖೋಲಿಯೂ ಅವರದ್ದೇ. ಆದರೆ ಅದರ ಬಾಗಿಲ ಮೇಲೆ ‘ದುಡಿಯುವವರ ಕನ್ನಡ ವಾಚನಾಲಯ’ ಎಂಬ ಹಲಗೆ ತೂಗುತ್ತಿತ್ತು. ಹೋಟೇಲಿನ ಆಳುಗಳು ಸಂಜೆ ಹೊತ್ತು ಯೂನಿಯನ್ನಿನ ಕಡೆಗೆ ಹೋಗದೆ ಕಣ್ಣೆದುರಿಗೆ ಇರಲಿ ಎಂದು ಧನಿಗಳು ಅದನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು. ಆಳುಗಳು ಕಣ್ಣೆದುರಿಗೇ ಕೂತು ಯೂನಿಯನ್ನಿನ ಪತ್ರಿಕೆ ಓದುತ್ತಿದ್ದರು.

ಒಳಗೆ ಕಾಂತಪ್ಪ ಕಪಾಟಿನ ಪುಸ್ತಕಗಳ ಧೂಳು ಒರೆಸುತ್ತಿದ್ದ. ಊರು ಬಿಟ್ಟು ಬಂದು ಇದೇ ಹೋಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದು ಕಲಿತು, ಈಗ ಫೋರ್ಟಿನ ಒಂದು ಹಡಗು ಕಂಪೆನಿಯಲ್ಲಿ ಗುಮಾಸ್ತನಾಗಿದ್ದ ಮನುಷ್ಯ ಅವನು. ಧನಿಗಳು ಅವನನ್ನು ಸಿಟ್ಟು ಬಂದಾಗ ‘ನೀನು’ ಎಂದೂ ಕೆಲಸವಿದ್ದಾಗ ‘ಮಾಸ್ಟ್ರೇ’ ಎಂದೂ ಕರೆಯುತ್ತಿದ್ದರು.

“ಮಾಸ್ಟ್ರೇ, ನಾಳೆ ಬೆಳಿಗ್ಗೆ ಈ ಖೋಲಿಗೆ ಬಟಾಟೆ ಬರ್ತದೆ.”

“ಬಟಾಟೆಗೆ ಇಲ್ಲಿ ಎಂಥ ಕೆಲಸ, ಧನಿಗಳೇ?”

“ನಿಮಗೆ ಎಂಥ ಕೆಲಸವೋ ಅದೇ. ಸುಮ್ಮನೆ ಕೂತುಕೊಳ್ಳುವುದು. ಬಟಾಟೆಯಾದರೆ ಕಡೆಗೆ ಪಲ್ಯವಾದರೂ ಆಗ್ತದೆ.”

“ಇಷ್ಟು ವರ್ಷ ನಡೆಸಿಕೊಂಡು ಬಂದದ್ದು. ಒಂದೇ ರಾತ್ರಿಯಲ್ಲಿ ಮುಚ್ಚಿ ಅಂದರೆ...”

“ಮುಚ್ಚಿ ಅಂತ ನಾನು ಎಲ್ಲಿ ಹೇಳಿದೆ? ಬಾಡಿಗೆ ಕೊಡಿ, ಬಟಾಟೆಯನ್ನು ಬೇರೆ ಕಡೆ ಕಳಿಸ್ತೇನೆ. ಧರ್ಮಕ್ಕೆ ಕೂರಿಸಲಿಕ್ಕೆ ನಾನೇನು ಛತ್ರ ಇಟ್ಟಿದ್ದೇನಾ?” ಎಂದು ಧನಿಗಳು ಹೆಗಲ ಬೈರಾಸು ಕೊಡವಿ ನಡೆದರು.

ಕಾಂತಪ್ಪ ಕೈಯಲ್ಲಿದ್ದ ಬಟ್ಟೆಯಿಂದ ಪುಸ್ತಕದ ಬದಲು ಮುಖ ಒರೆಸಿಕೊಂಡ. ಚಾಳಿನವರ ಚಂದಾದಿಂದ ದಿನಪತ್ರಿಕೆ ಬರುತ್ತಿತ್ತು, ಬಲ್ಬು ಉರಿಯುತ್ತಿತ್ತು, ಅಷ್ಟೇ. ಬಾಡಿಗೆ ಎಂಬ ಮಾತು ಆ ಚಂದಾದ ಡಬ್ಬಿಗೆ ಕೇಳಿಸಿದ್ದರೆ ಅದೇ ನಕ್ಕುಬಿಡುತ್ತಿತ್ತು.

ಆದರೆ ಖೋಲಿ ಹೋಗುವುದೆಂದರೆ ಏನು ಹೋಗುವುದೆಂಬುದು ಅವನಿಗೆ ಗೊತ್ತಿತ್ತು. ಪತ್ರಿಕೆ ಒಂದೇ, ಕೇಳುವವರು ಹತ್ತಿಪ್ಪತ್ತು ಮಂದಿ. ಅದಕ್ಕೇ ಇಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು ರೂಢಿ. ಬೆಳಗಿನಿಂದ ದುಡಿದು ಬಂದವರು ತೂಕಡಿಸಬಾರದೆಂದು ಕಾಂತಪ್ಪನೇ ಒಂದು ಉಪಾಯ ಮಾಡಿದ್ದ. ಓದುವವನು ವಾಕ್ಯದ ನಡುವೆ ಗಕ್ಕನೆ ನಿಲ್ಲಬೇಕು. ಉಳಿದವರು ಬಗ್ಗಿ ನೋಡಿ ಮುಂದಿನ ಮಾತನ್ನು ಒಕ್ಕೊರಲಿನಿಂದ ಹೇಳಬೇಕು. ಯಾರ ಬಾಯಿ ಆಡಲಿಲ್ಲವೋ ಅವರು ಮರುದಿನ ಖೋಲಿ ಗುಡಿಸಬೇಕು. ಪೊರಕೆಯ ಹೆದರಿಕೆಗೆ ಜನ ಎಷ್ಟು ಚುರುಕಾದರೆಂದರೆ, ಹೀಗೆ ಓದುತ್ತ ಓದುತ್ತ ಇಡೀ ಚಾಳಿನ ಕನ್ನಡಿಗರಿಗೆಲ್ಲ ಓದು ಬಂದುಬಿಟ್ಟಿತ್ತು.

ಅದೇ ತೊಂದರೆಯಾಯಿತು.

ಎರಡನೆಯ ಮಾಳಿಗೆಯ ರಮಾನಾಥ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಇಳಿದು ಬಂದ. ಅವನು ಫೋರ್ಟಿನ ಬ್ಯಾಂಕೊಂದರಲ್ಲಿ ಕಾರಕೂನ. ಬ್ಯಾಂಕಿನಲ್ಲಿ ಯಾರೂ ಅವನ ಸಲಹೆ ಕೇಳುತ್ತಿರಲಿಲ್ಲವಾದ್ದರಿಂದ ವಾರವಿಡೀ ಒಟ್ಟಾದದ್ದನ್ನೆಲ್ಲ ಭಾನುವಾರ ಚಾಳಿಗೆ ಹಂಚುತ್ತಿದ್ದ.

“ಕೇಳಿದೆ, ಎಲ್ಲ ಕೇಳಿದೆ. ಕಾಂತಪ್ಪಣ್ಣ, ಇದಕ್ಕೆ ಒಂದೇ ದಾರಿ. ಸರಕಾರದ ಗ್ರಾಂಟ್.”

“ಹೋದ ತಿಂಗಳು ಕೇಳಿದ್ದೆನಲ್ಲ ಮಾರಾಯ. ನಿಮ್ಮಲ್ಲಿ ಓದು ಬಾರದವರು ಎಷ್ಟು ಮಂದಿ ಅಂತ ಕಚೇರಿಯಲ್ಲಿ ಕೇಳಿದರು. ಒಬ್ಬರೂ ಇಲ್ಲ ಅಂತ ನಾನು ಎದೆಯುಬ್ಬಿಸಿ ಹೇಳಿದೆ. ಅಯ್ಯೋ ಪಾಪ ಅಂದರು.”

“ಮತ್ತೆ? ಡಾಕ್ಟರ ಹತ್ತಿರ ಹೋಗಿ ನನಗೆ ಜ್ವರ ಇಲ್ಲ, ಮದ್ದು ಕೊಡಿ ಅಂದರೆ ಕೊಡ್ತಾರಾ? ಸ್ಕೀಮ್ ಅಂದರೆ ಮೊದಲು ರೋಗ ತೋರಿಸಬೇಕು. ಈಗ ಪಂಚವಾರ್ಷಿಕ ಯೋಜನೆ ನಡೀತಾ ಉಂಟು, ಎಲ್ಲಿ ರೋಗ ಎಲ್ಲಿ ರೋಗ ಅಂತ ಸರಕಾರ ಟಾರ್ಚ್ ಹಿಡಿದು ಹುಡುಕ್ತಾ ಉಂಟು. ನೀವು ಲಾಯಕ್ಕಾಗಿ ಗುಣ ಮಾಡಿ ಕೂತಿದ್ದೀರಿ.”

“ನನ್ನ ಯೋಜನೆ ಇಷ್ಟೇ. ಓದು ಬಂದವರಿಗೆ ಕೂತು ಓದಲಿಕ್ಕೆ ಒಂದು ಖೋಲಿ.”

“ಅರೇ ಬಾಬಾ, ಅದು ಯೋಜನೆ ಅಲ್ಲ, ಅದು ಸುಖ. ಸುಖಕ್ಕೆ ಯಾರು ಗ್ರಾಂಟ್ ಕೊಡ್ತಾರೆ?” ರಮಾನಾಥ ಬೇವಿನಕಡ್ಡಿ ತೆಗೆದು ಬೀದಿಗೆ ಉಗುಳಿದ. “ನನ್ನ ಜತೆ ಲೋಕಲ್‌ನಲ್ಲಿ ಒಬ್ಬರು ಬರ್ತಾರೆ, ನೀಲಕಂಠಪ್ಪ ಸಾಹೇಬರು ಅಂತ. ಧಾರವಾಡದ ಕಡೆಯವರು. ಪ್ರೌಢರಿಗೆ ಓದುಬರಹ ಕಲಿಸುವ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಕನ್ನಡದವರ ಕ್ಲಾಸುಗಳೆಲ್ಲ ಅವರ ಕೈಯಲ್ಲಿ. ಇವತ್ತು ಮಧ್ಯಾಹ್ನದ ಮೇಲೆ ಕುರ್ಲಾಕ್ಕೇ ಬರ್ತಾರೆ, ನಾನು ಇಲ್ಲಿಗೆ ಎಳ್ಕೊಂಡು ಬರ್ತೇನೆ. ಖೋಲಿಯ ಬಾಡಿಗೆ, ಬಲ್ಬಿನ ಬಿಲ್ಲು, ಸ್ಲೇಟು, ಎಲ್ಲ ಸರಕಾರದ್ದು. ಓದು ಬಾರದ ಇಪ್ಪತ್ತು ಮಂದಿ ಕೂತಿರಬೇಕು, ಅಷ್ಟೇ.”

“ಇಪ್ಪತ್ತು ಮಂದಿಯನ್ನು ಎಲ್ಲಿಂದ ತರಲಿ?”

“ಇಷ್ಟು ದೊಡ್ಡ ದೇಶದಲ್ಲಿ ಅದೊಂದಕ್ಕೆ ಬರಗಾಲವಾ?” ಎಂದು ರಮಾನಾಥ ಮೇಲಕ್ಕೆ ಹತ್ತಿದ.

ದೇಶದಲ್ಲಿ ಇರಲಿಲ್ಲವೆಂದಲ್ಲ. ಆ ಚಾಳಿನಲ್ಲಿ ಇರಲಿಲ್ಲ. ಕಾಂತಪ್ಪ ಬಾಗಿಲು ಬಾಗಿಲು ತಟ್ಟಿದ. ಕಳೆದ ದೀಪಾವಳಿಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ ಮುದುಕನೊಬ್ಬ ಈಗ ಔಷಧದ ಸೀಸೆಯ ಚೀಟಿ ಓದುತ್ತಿದ್ದ. ಅಲ್ಲಿ ಸೋತು ಕಾಂತಪ್ಪ ಪಕ್ಕದ ಚಾಳಿಗೆ ಹೋದ. ಭಾನುವಾರದ ಬೆಳಿಗ್ಗೆ, ಪರಿಚಯವಿಲ್ಲದ ಗುಮಾಸ್ತನೊಬ್ಬ ಬಂದು “ಇಲ್ಲಿ ಹೆಬ್ಬೆಟ್ಟಿನವರು ಯಾರ್ಯಾರಿದ್ದೀರಿ?” ಎಂದು ಕೇಳಿದರೆ ಬಡವರು ಏನು ತಿಳಿದುಕೊಳ್ಳಬೇಕೋ ಅದನ್ನೇ ಅವರೂ ತಿಳಿದುಕೊಂಡರು. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದ ಸಾಹುಕಾರನ ಕಡೆಯವನು ಎಂದು ಗಂಡಸರು ಪಂಚೆ ಎತ್ತಿ ಕಟ್ಟಿದರು. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಮರಾಠಿ ಹೆಂಗಸೊಬ್ಬಳು “ಚಲ್, ನೀಘ್” ಎಂದು ಒಗೆಯುವ ಮರದ ಕೋಲು ಎತ್ತಿದಳು. ಆ ಕೋಲಿನ ಭಾಷೆ ಕಾಂತಪ್ಪನಿಗೆ ಸ್ಪಷ್ಟವಾಗಿ ಅರ್ಥವಾಯಿತು. ಅವನು ಓಡುವಾಗ ಒಂದು ಚಪ್ಪಲಿ ಗಟಾರಕ್ಕೆ ಬಿತ್ತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ವಾಚನಾಲಯಕ್ಕೆ ಬಂದಾಗ ಊಟದ ಹೊತ್ತು ಮೀರಿತ್ತು.

ಅಲ್ಲಿ ಕಾಶವ್ವ ಕೂತಿದ್ದಳು. ಬಿಜಾಪುರದ ಕಡೆಯವಳು. ಗಿರಣಿಯ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಓದು ಕಲಿತು ಇನ್ನೂ ವರ್ಷವಾಗಿರಲಿಲ್ಲ. ಅದಕ್ಕೇ ಅವಳಿಗೆ ಓದಿನ ಹಸಿವು ಹಸಿ ಬಾಣಂತಿಯ ಹಸಿವಿನಂತಿತ್ತು. ರೊಟ್ಟಿ ಕಟ್ಟಿ ಕೊಡುವ ಹಳೆಯ ಕಾಗದವನ್ನೂ ಮೊದಲು ತಾನು ಓದಿ ಮುಗಿಸಿಯೇ ಗಿರಾಕಿಗೆ ಕೊಡುತ್ತಿದ್ದಳು. ಅವಳ ಪಕ್ಕದಲ್ಲಿ ಸದಾನಂದ ಧನಿಗಳ ಹೋಟೇಲಿನ ಸಪ್ಲಾಯರ್ ದೂಜ. ಮಧ್ಯಾಹ್ನದ ಗಿರಾಕಿ ಮುಗಿದು ಟೀ ಹೊತ್ತಿನವರೆಗೆ ಅವನಿಗೆ ಬಿಡುವು.

ಕಾಂತಪ್ಪ ನಡೆದದ್ದನ್ನು ಹೇಳಿದ. ಒಬ್ಬೊಬ್ಬರಾಗಿ ಉಳಿದ ಓದುಗರೂ ಬಂದು ಸೇರಿಕೊಂಡರು.

“ಅಂದ್ರ, ಓದು ಬರೂದಿಲ್ಲ ಅಂತ ನಾವು ನಾಟಕ ಮಾಡಬೇಕು?” ಕಾಶವ್ವ ಕೇಳಿದಳು. “ನೋಡ್ರಿ ಮಾಸ್ತರ, ನನ್ನ ಗಂಡ ಸತ್ತಾಗ ಊರ ಮಂದಿ ಮುಂದ ಸುಳ್ಳು ಅತ್ತೀನಿ. ಅದು ಬ್ಯಾರೆ. ಈ ಸುಳ್ಳು ನನ್ನ ಕೈಲೆ ಆಗೂದಿಲ್ಲ.”

“ಒಂದು ಗಂಟೆಯ ಮಟ್ಟಿಗೆ, ಕಾಶವ್ವ. ಇಲ್ಲದಿದ್ದರೆ ನಾಳೆಯಿಂದ ಇಲ್ಲಿ ಬಟಾಟೆ ಕೂತಿರ್ತದೆ.”

“ಅಲ್ರಿ, ಬರದಿದ್ದಾಗ ಬರ್ತೈತಿ ಅಂತ ಸುಳ್ಳು ಹೇಳೂದು ಕೇಳೀನಿ. ಬಂದ ಮ್ಯಾಲ ಬರೂದಿಲ್ಲ ಅಂತ ಹೇಳಿ ಖೋಲಿ ಉಳಿಸಿಕೊಳ್ಳೂದು ಯಾವ ಸೀಮಿ ರಾಜ್ಯಭಾರ ಇದು?”

ಕಾಂತಪ್ಪ ಪುಸ್ತಕದ ಕಪಾಟಿನ ಕಡೆಗೆ ಕೈ ತೋರಿಸಿದ.  ಕಡೆಗೆ ಕಾಶವ್ವ ಸೆರಗು ಬಿಗಿದು, “ಆಗ್ಲಿ, ಮಂದಿ ಹೆಂಗೋ ನಾ ಹಂಗ” ಎಂದಳು.

ತಾಲೀಮು ಶುರುವಾಯಿತು. ಹೊರಗಿನ ಹಲಗೆಗೆ ಗೋಣಿತಟ್ಟು ಕಟ್ಟಿದರು. ಪುಸ್ತಕದ ಕಪಾಟಿಗೆ ಕಾಶವ್ವನ ಇಳಕಲ್ ಸೀರೆ ಹೊದಿಸಿದರು. ಕಾಂತಪ್ಪ ಹೇಳಿಕೊಟ್ಟ. “ಸಾಹೇಬರು ಕಾಗದ ಕೊಟ್ಟರೆ ತಲೆಕೆಳಗೆ ಹಿಡಿಯಿರಿ. ಕಣ್ಣು ಕಾಗದದ ಮೇಲೆ ಓಡಬಾರದು, ನೆಟ್ಟಿರಬೇಕು. ಆಗಾಗ ಆಕಳಿಸಿ.”

ಆಕಳಿಕೆ ಎಲ್ಲರಿಗೂ ಚೆನ್ನಾಗಿ ಬಂತು. ತೊಂದರೆಯಾದದ್ದು ದೂಜನಿಗೆ.

“ಮಾಸ್ಟ್ರೇ, ತಲೆಕೆಳಗೆ ಹಿಡಿದರೆ ನನಗೆ ಇನ್ನೂ ಸಲೀಸಾಗಿ ಓದ್ಲಿಕ್ಕೆ ಬರ್ತದೆ.”

“ಅದು ಹೇಗೆ ಮಾರಾಯ?”

“ಟೇಬಲ್ಲಿನ ಆಚೆ ಕೂತ ಗಿರಾಕಿ ಪೇಪರ್ ಹರಡಿ ಓದ್ತಾನೆ, ನಾನು ಈಚೆ ಇಡ್ಲಿ ಇಡ್ತಾ ಓದುವುದು. ನೆಟ್ಟಗೆ ಓದಿದ್ದು ಇಲ್ಲಿ ಬಂದ ಮೇಲೆ.”

“ಹಾಗಾದರೆ ನೀನು ನೆಟ್ಟಗೆ ಹಿಡಿ.”

“ನೆಟ್ಟಗೆ ಹಿಡಿದರೂ ಬರ್ತದಲ್ಲ.”

“ಅಡ್ಡ ಹಿಡಿಯೋ,” ಎಂದು ಕಾಶವ್ವ ತೀರ್ಪು ಕೊಟ್ಟಳು. ದೂಜ ಕಾಗದವನ್ನು ಅಡ್ಡ ಹಿಡಿದು ಕೂತ. ಸ್ವಲ್ಪ ಹೊತ್ತಿನಲ್ಲಿ ಅವನ ಕತ್ತು ತಾನಾಗಿ ಎಡಕ್ಕೆ ವಾಲತೊಡಗಿತು.

ಎಣಿಸಿದರೆ ಹತ್ತೊಂಬತ್ತು ತಲೆ. ಇಪ್ಪತ್ತನೆಯದಕ್ಕೆ ಹುಡುಕುವಷ್ಟರಲ್ಲಿ ಗಲ್ಲಿಯಲ್ಲಿ ರಮಾನಾಥನ ದೊಡ್ಡ ದನಿ ಕೇಳಿತು. ಅವನ ಜತೆಯಲ್ಲಿ ಕರಿಯ ಕೋಟು, ಬಿಳಿಯ ಟೊಪ್ಪಿಗೆ, ಕಂಕುಳಲ್ಲಿ ಛತ್ರಿ, ಹೆಗಲಲ್ಲಿ ಜೋಳಿಗೆಯಂಥ ಚೀಲ. ನೀಲಕಂಠಪ್ಪ ಸಾಹೇಬರು ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು. ಹತ್ತೊಂಬತ್ತು ಬಾಯಿಗಳು ಒಟ್ಟಿಗೆ ಆಕಳಿಸಿದವು.

“ಏನ್ರಿ ಮಾಸ್ತರ, ನಿಮ್ಮ ಮಂದಿ ರಾತ್ರಿಪಾಳಿಯಿಂದ ಬಂದಾರೇನು?”

“ಅಕ್ಷರ ಎಂದರೆ ಇವರಿಗೆ ಸ್ವಲ್ಪ ನಿದ್ದೆ, ಸಾಹೇಬರೇ,” ಎಂದ ಕಾಂತಪ್ಪ. ಬೆವರು ಅವನ ಬೆನ್ನಿನಲ್ಲಿ ಲೋಕಲ್ ಗಾಡಿಯ ಹಾಗೆ ಎಲ್ಲ ಸ್ಟೇಷನ್ನಿನಲ್ಲೂ ನಿಂತು ನಿಂತು ಇಳಿಯುತ್ತಿತ್ತು.

ಸಾಹೇಬರು ತಲೆ ಎಣಿಸಿದರು. “ಒಂದು ಕಡಿಮಿ ಐತಲ್ರಿ. ಇಪ್ಪತ್ತು ಆಗದ ಕ್ಲಾಸ್ ಶುರು ಆಗೂದಿಲ್ಲ. ನಿಯಮ.”

ಸರಿಯಾಗಿ ಆ ಗಳಿಗೆಗೆ ಸದಾನಂದ ಧನಿಗಳು ಖೋಲಿಯ ಅಳತೆ ನೋಡಲು ಬಂದರು. ಅಡುಗೆಮನೆಯಿಂದ ಎದ್ದು ಬಂದವರು. ಮೈಮೇಲೆ ಅಂಗಿಯಿಲ್ಲ, ಪಂಚೆಯ ತುಂಬ ಸಾಂಬಾರಿನ ಕಲೆ. ಅವರನ್ನು ನೋಡಿದ ಸಾಹೇಬರು, “ಬಾರಪ್ಪ, ಬಾ. ತಡ ಮಾಡಿದಿ. ಕೂಡು,” ಎಂದುಬಿಟ್ಟರು.

ಕಾಂತಪ್ಪ ಬಾಗಿಲಿಗೆ ಓಡಿದ. ಅವನು ಧನಿಗಳ ಕಿವಿಯ ಹತ್ತಿರ ಬಗ್ಗಿದ. “ಧನಿಗಳೇ, ನಿಮ್ಮ ಕಾಲು ಹಿಡೀತೇನೆ. ಇವರು ಸರಕಾರದವರು. ಓದು ಬಾರದವರಿಗೆ ಗ್ರಾಂಟ್. ಸ್ವಲ್ಪ ಹೊತ್ತು ಓದು ಬಾರದವರ ಹಾಗೆ ಕೂತುಬಿಡಿ, ನಿಮಗೇ ಬಾಡಿಗೆ ಸಿಗ್ತದೆ.”

ಧನಿಗಳು ಕೂಗಾಡುತ್ತಾರೆ ಎಂದು ಎಲ್ಲರೂ ಕಾದರು. ಅವರು ಕೂಗಾಡಲಿಲ್ಲ. ಮುಖ ಕೆಂಪು ಮಾಡಿಕೊಂಡು ಅತ್ತ ಇತ್ತ ನೋಡಿ, ಹಿಂದಿನ ಮೂಲೆಯಲ್ಲಿ ತಮ್ಮ ಸಪ್ಲಾಯರ್ ದೂಜನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಬಾಡಿಗೆಯ ಮಹಿಮೆ ಎಂದು ಕಾಂತಪ್ಪ ಮನಸ್ಸಿನಲ್ಲೇ ಕೈಮುಗಿದ.

ಸಾಹೇಬರು ಚೀಲದಿಂದ ಅಚ್ಚಿನ ಕರಪತ್ರಗಳನ್ನು ತೆಗೆದು ತಲೆಗೊಂದರಂತೆ ಹಂಚಿದರು. “ಇದು ನೊಣದ ಬಗ್ಗೆ... ಅಲ್ಲ, ಯಾತರ ಬಗ್ಗೆ ಅಂತ ನೀವಽ ಹೇಳ್ರಿ ನೋಡೂಣು. ಏನವ್ವಾ, ಇದರಾಗ ಏನೈತಿ?”

ಕಾಶವ್ವ ಕರಪತ್ರವನ್ನು ತಲೆಕೆಳಗೆ ಹಿಡಿದು ದೀರ್ಘವಾಗಿ ನೋಡಿದಳು. “ಎಳ್ಳು ಚೆಲ್ಲಿದಂಗ ಐತ್ರಿ.”

“ನೀನೋ?”

“ನನಗೆ ಗೆರೆ ಗೆರೆ ಕಾಣ್ತದೆ ಸಾಹೇಬ್ರೆ,” ಎಂದ ದೂಜ, ಕತ್ತನ್ನು ಕೈಯಿಂದ ಹಿಡಿದು ನೆಟ್ಟಗೆ ನಿಲ್ಲಿಸಿಕೊಳ್ಳುತ್ತ.

ಸಾಹೇಬರು ಇನ್ನೂ ನಾಲ್ಕೈದು ಮಂದಿಯನ್ನು ಕೇಳಿದರು. ಒಬ್ಬನಿಗೆ ಅದು ಕೋಳಿ ಕೆದರಿದ ಹಾಗೆ ಕಂಡಿತು, ಇನ್ನೊಬ್ಬನಿಗೆ ಹರಿದ ಬಲೆಯ ಹಾಗೆ. ರಮಾನಾಥ ಬಾಗಿಲಲ್ಲಿ ನಿಂತು ಪ್ರತಿ ಉತ್ತರಕ್ಕೂ ‘ಛೆ ಛೆ, ದೇಶದ ಗತಿ ನೋಡಿ’ ಎಂದು ನಾಲಗೆ ಲೊಚಗುಟ್ಟುತ್ತಿದ್ದ. ಸಾಹೇಬರ ಮುಖದಲ್ಲಿ ತೃಪ್ತಿ ಮೂಡಿತು. ಕಾಂತಪ್ಪನಿಗೆ ಆಗಲೇ ಬಲ್ಬಿನ ಬಿಲ್ಲು ಕಟ್ಟಿದ ಹಾಗೆ ಆಯಿತು.

“ಇನ್ನ ಮಾಸ್ತರ, ನೀವು ಪಾಠ ಹೆಂಗ ಮಾಡ್ತೀರಿ ಅನ್ನೂದು ನೋಡಬೇಕಲ್ಲ. ಇದನ್ನಽ ಓದಿ ತೋರಸ್ರಿ.”

ಕಾಂತಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದತೊಡಗಿದ. ಓದುವಾಗ ಅವನು ಯಾವಾಗಲೂ ಮೈಮರೆಯುತ್ತಿದ್ದ. ಅಂದೂ ಮೈಮರೆತ.

“ನೊಣವು ಹೊಲಸಿನ ಮೇಲೆ ಕುಳಿತು ಅನಂತರ ಆಹಾರದ ಮೇಲೆ ಕುಳಿತುಕೊಳ್ಳುವುದರಿಂದ ನಾನಾ ರೋಗಗಳು ಹರಡುವುವು. ಆದಕಾರಣ ನಾಗರಿಕರೆಲ್ಲರೂ ತಮ್ಮ ಖಾದ್ಯಪದಾರ್ಥಗಳನ್ನು ಸದಾಕಾಲ...”

ಎಂದು ಗಕ್ಕನೆ ನಿಂತ.

ನಿಲ್ಲಬೇಕೆಂದು ನಿಂತದ್ದಲ್ಲ. ಇಷ್ಟು ವರ್ಷದ ಅಭ್ಯಾಸ ಅವನನ್ನು ನಿಲ್ಲಿಸಿತು. ಅದೇ ಅಭ್ಯಾಸ ಖೋಲಿಯಲ್ಲಿ ಕೂತವರನ್ನೂ ಎಬ್ಬಿಸಿತು. ಸರಸರ ಎಂದು ಕರಪತ್ರಗಳು ತಿರುಗಿ ನೆಟ್ಟಗಾದವು. ದೂಜನ ಕತ್ತು ಪೂರ್ತಿ ಎಡಕ್ಕೆ ವಾಲಿತು.

“ಆಚ್ಛಾದಿಸತಕ್ಕದ್ದು,” ಎಂದು ಖೋಲಿಯೇ ಒಕ್ಕೊರಲಿನಿಂದ ಹೇಳಿತು.

 ಗಲ್ಲಿಯಲ್ಲಿ ಕುಲ್ಫಿಯವನ ಗಂಟೆ ಕೇಳಿಸಿತು. ರಮಾನಾಥ ಬಾಗಿಲ ಹತ್ತಿರದಿಂದ ಮೆಲ್ಲನೆ ಮಾಯವಾದ.

“ಇಂಥಾ ಶಬ್ದ ಓದೂದ್ರಾಗ ನನ್ನ ಹಲ್ಲು ಅಳ್ಳಾಡಿದ್ವು,” ಎಂದು ಕಾಶವ್ವ ತನ್ನಷ್ಟಕ್ಕೆ ಹೇಳಿಕೊಂಡು, ಹೇಳಿದ ಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

ನೀಲಕಂಠಪ್ಪ ಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದರು. ಎದ್ದು ಸಾಲಿನ ನಡುವೆ ನಿಧಾನವಾಗಿ ನಡೆದರು. ಹಿಂದಿನ ಮೂಲೆಗೆ ಹೋಗಿ ನಿಂತರು. ಅಲ್ಲಿ ಒಬ್ಬರ ಬಾಯಿ ಮಾತ್ರ ಆಡಿರಲಿಲ್ಲ.

“ನೀನ್ಯಾಕಪ್ಪ ಸುಮ್ಮನಿದ್ದಿ?”

ಸದಾನಂದ ಧನಿಗಳು ಕರಪತ್ರವನ್ನು ಎದೆಗೆ ಒತ್ತಿಕೊಂಡರು. “ಮಧ್ಯಾಹ್ನದಿಂದ ಕಣ್ಣು ಉರೀತದೆ ಸಾಹೇಬ್ರೆ.”

“ನೋಡ್ರಿ,” ಕಾಶವ್ವ ಪಕ್ಕದವರಿಗೆ ಪಿಸುಗುಟ್ಟಿದಳು, “ನಾವೆಲ್ಲಾ ಕೆಡಿಸಿದ್ವಿ. ಧನಿಗಳು ಒಬ್ರಽ ನಾಟಕ ಬರೋಬ್ಬರಿ ಮಾಡಾಕತ್ತಾರ.”

“ಈ ಅಕ್ಷರ ಯಾವುದು ಹೇಳು,” ಸಾಹೇಬರು ಬೆರಳಿಟ್ಟು ತೋರಿಸಿದರು. ಧನಿಗಳ ಹಣೆಯಲ್ಲಿ ಬೆವರಿನ ಹನಿ ಮೂಡಿತು. ಅವರು ಕಾಂತಪ್ಪನ ಕಡೆಗೆ ನೋಡಿದರು. ಉಗ್ರಾಣದಲ್ಲಿ ಬೆಕ್ಕಿನ ಕೈಗೆ ಸಿಕ್ಕ ಇಲಿಯ ನೋಟ ಅದು. ಆಗ ಕಾಂತಪ್ಪನಿಗೆ ಕಂಡಿತು. ಧನಿಗಳ ಕೈಯಲ್ಲಿದ್ದ ಕರಪತ್ರ ತಲೆಕೆಳಗಾಗಿತ್ತು. ಉಳಿದವರಿಗೆಲ್ಲ ಹಾಗೆ ಹಿಡಿಯಲು ಅವನೇ ಹೇಳಿಕೊಟ್ಟಿದ್ದ. ತಾಲೀಮು ಮುಗಿದ ಮೇಲೆ ಬಂದ ಧನಿಗಳಿಗೆ ಯಾರೂ ಹೇಳಿರಲಿಲ್ಲ.

ಲೋಟ ತೊಳೆಯುತ್ತಿದ್ದ ಕಾಲದಿಂದ ಕಾಂತಪ್ಪ ಅವರನ್ನು ಬಲ್ಲ. ಹಣದ ಗಲ್ಲೆಯ ಮೇಲೆ ಕೂತು ಬಾಯಿಲೆಕ್ಕದಲ್ಲಿ ಇಡೀ ಹೋಟೇಲು ನಡೆಸುವವರು, ಅಂಕಿಯಲ್ಲಿ ಕಾಸು ತಪ್ಪದವರು. ಬರವಣಿಗೆಯ ಕೆಲಸ ಬಂದರೆ ಹೋಟೇಲಿನ ಲೆಕ್ಕ ಬರೆಯುವ ಮೆಹತಾನನ್ನು ಕೂಗುತ್ತಿದ್ದರು. ದೊಡ್ಡಸ್ತಿಕೆ ಎಂದು ಎಲ್ಲರೂ ತಿಳಿದಿದ್ದರು. ಇಡೀ ಚಾಳಿನಲ್ಲಿ ಬಾಗಿಲು ಬಾಗಿಲು ತಟ್ಟಿ ಹುಡುಕಿದರೂ ಸಿಕ್ಕದಿದ್ದ ಆ ಒಬ್ಬ ಮನುಷ್ಯ, ಬೆಳಿಗ್ಗೆ ಅವನನ್ನು ಹೊರಗೆ ಹಾಕಲು ತಾನಾಗಿಯೇ ನಡೆದು ಬಂದಿದ್ದ.

ಸಾಹೇಬರಿಗೂ ಅರ್ಥವಾಯಿತು. ಅವರು ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತರು.

“ಮಾಸ್ತರ, ಹತ್ತೊಂಬತ್ತು ಮಂದಿ ನಮ್ಮ ಇಲಾಖೆಯ ಮೊದಲನೇ ಪಾಠದಾಗಽ ಅಕ್ಷರಸ್ಥರಾದ್ರು ಅಂತ ಬರೀತೀನಿ.”

“ಸಾಹೇಬರೇ, ಅವರಿಗೆ ಮೊದಲೇ...”

“ಸುಮ್ಮಕಿರ್ರಿ. ನಾ ಕುರುಡ ಅಲ್ಲ. ಆ ಸೀರಿ ಸಂದ್ಯಾಗ ಪುಸ್ತಕದ ಬೆನ್ನು ಕಾಣಾಕತ್ತಾವ. ಇಲಾಖೆ ಹುಟ್ಟಿದಾಗಿಂದ ನಾವು ಹಂಚಿದ ಪಾಟಿ-ಬಳಪಕ್ಕ ಲೆಕ್ಕ ಐತಿ, ಓದು ಬಂದವ ಒಬ್ಬನೂ ಸಿಕ್ಕಿಲ್ಲ. ಎಲ್ಲಿ ಅದಾರ, ಎಲ್ಲಿ ಅದಾರ ಅಂತ ಮ್ಯಾಲಿನವರು ನನ್ನ ಜೀವಾ ತಿನ್ನಾಕತ್ತಾರ. ಇವತ್ತ ಒಮ್ಮೆಲೆ ಹತ್ತೊಂಬತ್ತು ಸಿಕ್ಕಾರ. ನಾ ಬಿಡ್ತೀನೇನು?”

“ಹಾಗಾದರೆ ಗ್ರಾಂಟ್?”

“ಓದು ಬಂದವರಿಗೆ ಎಲ್ಲೀ ಗ್ರಾಂಟ್ರಿ? ಆದ್ರ ಇವರೊಬ್ರು ಉಳದಾರಲ್ಲ.” ಸಾಹೇಬರು ಛತ್ರಿಯ ತುದಿಯಿಂದ ಮೂಲೆಯ ಕಡೆಗೆ ತೋರಿಸಿದರು. “ಶುರು ಮಾಡಾಕ ಇಪ್ಪತ್ತು ಮಂದಿ ಬೇಕು. ಮುಗಸಾಕ ಕಡೀ ಮನಷ್ಯಾ ಕಲೀಬೇಕು. ಅವ ಕಲಿಯೂತನಕ ಖೋಲಿ ಬಾಡಿಗಿ, ಬಲ್ಬು, ಪಾಟಿ, ಬಳಪ ಎಲ್ಲಾ ನಮ್ಮದು. ಮಾಸ್ತರಗ ಪಗಾರ ಇಲ್ಲ, ಅದು ದೇಶಸೇವಾ.”

ಕಾಂತಪ್ಪನಿಗೆ ಒಂದು ಗಳಿಗೆ ಕುಣಿಯಬೇಕೆನಿಸಿತು. ಖೋಲಿ ಉಳಿಯಿತು. ಹತ್ತೊಂಬತ್ತು ಮುಖಗಳೂ ಅರಳಿದವು.

“ಒಂದಽ ಮಾತು,” ಎಂದರು ಸಾಹೇಬರು. “ತಪಾಸಣಿಗೆ ಮ್ಯಾಲಿನವರು ಯಾವಾಗ ಬರ್ತಾರೋ ಹೇಳಾಕ ಬರೂದಿಲ್ಲ. ಕ್ಲಾಸಿನ ಖೋಲ್ಯಾಗ ಅಕ್ಷರ ಬಲ್ಲವರು ಕೂಡುವಂಗಿಲ್ಲ. ಪುಸ್ತಕ, ಪೇಪರು ಇಡುವಂಗಿಲ್ಲ. ಅನುಮಾನ ಬರ್ತೈತಿ.”

“ಮತ್ತೆ ಇವರೆಲ್ಲ ಎಲ್ಲಿ ಕೂರಬೇಕು, ಸಾಹೇಬರೇ?”

“ಅದಕ್ಕ ಬ್ಯಾರೆ ಇಲಾಖೆ ಐತೋ ಏನೋ, ಗೊತ್ತಿಲ್ಲ. ಖೋಲಿ ಮಾಲಕರು ಯಾರು? ಬಾಡಿಗಿ ಅವರ ಹೆಸರಿಗೆ ಬರ್ತೈತಿ.”

ಎಲ್ಲರ ಕಣ್ಣೂ ಹಿಂದಿನ ಮೂಲೆಗೆ ಹೋಯಿತು. ಅಲ್ಲಿ ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಧನಿಗಳು ಮೆಲ್ಲನೆ ತಲೆಯೆತ್ತಿದರು. ಅಕ್ಷರ ಬಾರದಿದ್ದರೂ ಅವರಿಗೆ ಲೆಕ್ಕ ಬರುತ್ತಿತ್ತು. ಮುಖದ ಮೇಲಿದ್ದ ನಾಚಿಕೆ ಬಿಸಿ ಕಾವಲಿಗೆ ಚಿಮುಕಿಸಿದ ನೀರಿನ ಹಾಗೆ ಆವಿಯಾಯಿತು.

“ನಾನು ಕಲಿಯುವ ತನಕ ಬಾಡಿಗೆ ನನಗೆ ಬರ್ತಾ ಇರ್ತದೆ ಅಂತ ಆಯ್ತಾ?”

“ಮಾಲಕರೂ ನೀವಽ ಏನು? ಅಡ್ಡಿ ಇಲ್ಲ. ಮಾಲಕ ಕಲೀಬಾರದು ಅಂತ ನಿಯಮದಾಗ ಇಲ್ಲ.”

“ಕ್ಲಾಸಿಗೆ ನಾನೊಬ್ಬನೇ. ಉಳಿದ ಜಾಗ ಖಾಲಿ. ನಾಲ್ಕು ಮೂಟೆ ಬಟಾಟೆ ಇಟ್ಟುಕೊಂಡರೆ?”

ಸಾಹೇಬರು ನಿಯಮಗಳನ್ನು ಮನಸ್ಸಿನಲ್ಲಿ ತಿರುವಿಹಾಕಿದರು. “ಬಟಾಟಿಗೆ ಓದು ಬರೂದಿಲ್ಲಲ್ಲ. ಇಡ್ರಿ,” ಎಂದು ಛತ್ರಿ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. ಪಾಠ ಇವತ್ತೇ ಶುರುವಾಯಿತು ಎಂದು ಬರೆದುಕೊಂಡು, ಚೀಲದಿಂದ ಒಂದು ಪಾಟಿ, ಒಂದು ಬಳಪ ತೆಗೆದಿಟ್ಟು ಸ್ಟೇಷನ್ನಿನ ಕಡೆಗೆ ಹೋದರು.

ಸಂಜೆಯಾಗುವಷ್ಟರಲ್ಲಿ ಹತ್ತೊಂಬತ್ತು ಮಂದಿ ಅಕ್ಷರಸ್ಥರು ಕಪಾಟನ್ನು ಎತ್ತಿ ಚಾಳಿನ ಮೆಟ್ಟಿಲ ಕೆಳಗೆ, ನಲ್ಲಿಯ ಪಕ್ಕಕ್ಕೆ ಸಾಗಿಸಿದರು. ಕಾಶವ್ವ ತನ್ನ ಸೀರೆಯನ್ನು ಅದರ ಮೇಲಿಂದ ಎಳೆದುಕೊಂಡು ಮಡಿಸುತ್ತ, “ಮಾಸ್ತರ, ನೀವು ನಮಗ ಓದು ಕಲಿಸಬಾರದಾಗಿತ್ತು ನೋಡ್ರಿ. ಕಲಿಸದಿದ್ರ ಎಲ್ಲಾರೂ ಒಳಗ ಬಲ್ಬಿನ ಕೆಳಗ ಕುಂತಿರ್ತಿದ್ವಿ,” ಎಂದಳು. ನಗುತ್ತಲೇ ಹೇಳಿದಳು. ಆದರೆ ಸೀರೆ ಮಡಿಸುವ ಕೈ ಸ್ವಲ್ಪ ಹೆಚ್ಚೇ ಬಿಗಿಯಾಗಿತ್ತು. ದೂಜ ಪತ್ರಿಕೆ ಹಿಡಿದು ಮೂರನೆಯ ಮೆಟ್ಟಿಲ ಮೇಲೆ ಕೂತ. ಹತ್ತಿ ಇಳಿಯುವವರೆಲ್ಲ ಅವನನ್ನು ದಾಟಿಕೊಂಡು ಓಡಾಡಿದರು.

ಒಳಗೆ ಬಟಾಟೆಯ ಮೂಟೆಗಳು ಬಂದವು. ಧನಿಗಳು ಬಾಗಿಲು ಹಾಕಿಸಿ, ಒಂದು ಮೂಟೆಯ ಮೇಲೆ ತಾವು ಕೂತು, ಇನ್ನೊಂದರ ಮೇಲೆ ಕಾಂತಪ್ಪನನ್ನು ಕೂರಿಸಿದರು. ಕಾಂತಪ್ಪ ಹಟ ತೊಟ್ಟಿದ್ದ. ಈ ಮನುಷ್ಯನಿಗೆ ಎರಡೇ ತಿಂಗಳಲ್ಲಿ ಓದು ಕಲಿಸಿ ಹೊರಗೆ ಹಾಕುತ್ತೇನೆ ಎಂದುಕೊಂಡು ಬಳಪ ಎತ್ತಿದ. ಆಮೇಲೆ ನೆನಪಾಯಿತು. ಓದು ಬಂದರೆ ಗ್ರಾಂಟ್ ನಿಲ್ಲುತ್ತದೆ. ಗ್ರಾಂಟ್ ನಿಂತರೆ ಖೋಲಿ ಪೂರ್ತಿ ಬಟಾಟೆಗೆ ಹೋಗುತ್ತದೆ. ಕಲಿಸಿದರೂ ಖೋಲಿ ಇಲ್ಲ, ಕಲಿಸದಿದ್ದರೂ ಖೋಲಿ ಇಲ್ಲ. ಆದರೂ ಕೈ ತನ್ನ ಪಾಡಿಗೆ ಪಾಟಿಯ ಮೇಲೆ ದೊಡ್ಡದಾಗಿ, ದುಂಡಗೆ ‘ಅ’ ಬರೆಯಿತು.

ಧನಿಗಳು ಪಾಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಬೆರಳಿನಿಂದ ಅದರ ಸುರುಳಿಯನ್ನು ಮೇಲಿಂದ ಕೆಳಗಿನವರೆಗೆ ಸವರಿದರು.

“ದೊಡ್ಡ ಅಕ್ಷರ, ಮಾಸ್ಟ್ರೇ. ತಿರುವು ಬಹಳ ಉಂಟು ಇದರಲ್ಲಿ. ಅವಸರ ಮಾಡಿದರೆ ತಪ್ಪಾದೀತು,” ಎಂದು ಬೈರಾಸಿನ ತುದಿಯಿಂದ ಪಾಟಿಯನ್ನು ನಿಧಾನವಾಗಿ, ಚೊಕ್ಕವಾಗಿ ಒರೆಸಿ ಹಿಂದಕ್ಕೆ ಕೊಟ್ಟರು. “ಈ ವರ್ಷಕ್ಕೆ ಇದೊಂದು ಸಾಕು.”